ಸುಡಲಿಕ್ಕೆಂದೇ ತಂದ ಹತ್ತು ಬೋರ್ಡು

ಈ ಸಲದ ದಸರಾ ರಜೆಯಲ್ಲಿ ಸೋಮಂದೇಪಲ್ಲಿಯ ನಮ್ಮ ಮನೆಯ ಹಿತ್ತಲ ಜಗಲಿಯಲ್ಲಿ ಎಂಟು ಸರ್ಕ್ಯೂಟ್ ಬೋರ್ಡುಗಳನ್ನು ಬೇಯಿಸಿದೆವು. ಅದರಲ್ಲಿ ಐದು ಕೆಟ್ಟವು. ಆ ಕೆಟ್ಟ ಐದರ ಬಗ್ಗೆಯೇ ನಾಲ್ಕು ಮಾತು ಹೇಳಬೇಕು ಅನ್ನಿಸಿತು...

ಬೇಯಿಸಿದವನು ನಾನಲ್ಲ. ನಾನು ಓದಿದ್ದು ಟಿ.ಸಿ.ಎಚ್., ಬಿ.ಎ. ಮನೆಯ ಫ್ಯೂಸು ಹೋದರೂ ಪಕ್ಕದ ಮನೆಯವರನ್ನು ಕರೆಯುವ ಜಾತಿ ನನ್ನದು. ಬೇಯಿಸಿದವನು ಏಳನೇ ತರಗತಿಯವರೆಗೆ ನನ್ನ ಕೈಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಡಿಪ್ಲೊಮಾ ಮುಗಿಸಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬ್ರೆಡ್ಡು, ಕೇಕು ಸುಡುವ ಹಳೆಯ ಓವನ್ ಒಂದನ್ನು ತಂದು, ಅದಕ್ಕೆ ಒಂದು ರಿಲೇ, ಶಾಖ ಅಳೆಯುವ ಥರ್ಮೋಕಪಲ್, ಒಂದು ಆರ್ಡುಯಿನೊ ಸೇರಿಸಿ ರಿಫ್ಲೋ ಓವನ್ ಮಾಡಿಕೊಂಡಿದ್ದ. (ಇನ್ನು ಆ ಓವನ್ನಿನಲ್ಲಿ ತಿನ್ನುವ ಪದಾರ್ಥ ಇಡುವ ಹಾಗಿಲ್ಲ ಎಂದು ನನ್ನಾಕೆಗೆ ಮೂರು ಸಲ ಹೇಳಿದ!)

ರಿಫ್ಲೋ ಎಂದರೆ ಏನು ಅಂತೀರಾ? ನನಗೂ ಅವನೇ ಹೇಳಿಕೊಟ್ಟದ್ದು. ಮೊಬೈಲಿನ ಒಳಗಿನ ಬೋರ್ಡಿನ ಮೇಲೆ ಸಾಸಿವೆ ಕಾಳಿನಂಥ ಬಿಡಿಭಾಗಗಳಿರುತ್ತವೆ. 0805 ಎನ್ನುವ ಅಳತೆಯದ್ದು ಸುಮಾರು 2 ಮಿ.ಮೀ. ಉದ್ದ, 1.25 ಮಿ.ಮೀ. ಅಗಲ, ಅದನ್ನೇ ದೊಡ್ಡದು ಅನ್ನುತ್ತಾರೆ. ಇಂಥ ನೂರಾರು ಭಾಗಗಳನ್ನು ಒಂದೊಂದಾಗಿ ಬೆಸೆಯುತ್ತಾ ಕೂರಲಾಗದು. ಅದಕ್ಕೆ ಬೆಸುಗೆಯ ಲೋಹದ ಪುಡಿ ಬೆರೆತ ಪೇಸ್ಟನ್ನು ಬೋರ್ಡಿಗೆ ಹಚ್ಚಿ, ಮೇಲೆ ಭಾಗಗಳನ್ನಿಟ್ಟು, ಬೋರ್ಡನ್ನು ಇಡಿಯಾಗಿ ಬಿಸಿ ಮಾಡುತ್ತಾರೆ. ಪೇಸ್ಟ್ ಕರಗಿ, ಆರಿದ ಮೇಲೆ ಎಲ್ಲವೂ ಒಟ್ಟಿಗೆ ಅಂಟಿಕೊಳ್ಳುತ್ತವೆ. ತವರ 63, ಸೀಸ 37 ಪಾಲು ಇರುವ ಹಳೆಯ ಬೆಸುಗೆ 183 ಡಿಗ್ರಿಗೆ ಕರಗಿದರೆ, ಈಗಿನ ಸೀಸವಿಲ್ಲದ್ದು ಕರಗತೊಡಗುವುದೇ 217 ಡಿಗ್ರಿಗೆ. ಮೊದಲು 150ರ ಆಸುಪಾಸಿಗೆ ನಿಧಾನವಾಗಿ ಏರಿಸಿ, ಒಂದೆರಡು ನಿಮಿಷ ಅಲ್ಲಿಂದ ಮೆಲ್ಲಗೆ ಮೇಲೆ ಹೋಗಲು ಬಿಟ್ಟು, ಆಮೇಲೆ 240ರ ಹತ್ತಿರ ಕೆಲವೇ ಸೆಕೆಂಡು ಮುಟ್ಟಿಸಿ ಇಳಿಸಬೇಕು.

ಹೇಳುವುದು ಸುಲಭ. ಅವನು ಅಭ್ಯಾಸಕ್ಕೆಂದು ಅಗ್ಗದ ಬೋರ್ಡು ಹತ್ತು ತಂದಿದ್ದ. ಮೊದಲನೆಯದರಲ್ಲಿ ಓವನ್ನಿನ ಪರದೆ 240 ತೋರಿಸುತ್ತಿದೆ, ಪೇಸ್ಟ್ ಮಾತ್ರ ಬೂದಿಯ ಹಾಗೆ ಮಂಕಾಗಿ ಕುಳಿತಿದೆ. ಥರ್ಮೋಕಪಲ್ ಗಾಳಿಯಲ್ಲಿ ತೂಗುತ್ತಿತ್ತು, ಅಳೆದದ್ದು ಗಾಳಿಯನ್ನು! ಬೋರ್ಡಿಗೇ ಅಂಟಿಸಿ ನೋಡಿದರೆ 205. ಎರಡನೆಯದಕ್ಕೆ ಹೆಚ್ಚು ಹೊತ್ತು ಕೊಟ್ಟ. ಹಿಂದಿನ ಬಲಮೂಲೆ ಕಂದಿಹೋಯಿತು. ಮೂರು, ನಾಲ್ಕರಲ್ಲಿ ಇನ್ನೂ ವಿಚಿತ್ರ. ಪುಟ್ಟ ಭಾಗಗಳು ಒಂದು ಕಾಲಿನ ಮೇಲೆ ಎದ್ದು ನಿಂತಿದ್ದವು. ಒಂದು ತುದಿಯ ಬೆಸುಗೆ ಮೊದಲೇ ಕರಗಿದರೆ ಅದು ಭಾಗವನ್ನು ತನ್ನ ಕಡೆಗೆ ಎಳೆದು ನಿಲ್ಲಿಸಿಬಿಡುತ್ತದಂತೆ. ಅಂದರೆ ಓವನ್ನಿನ ಶಾಖ ಸಮನಾಗಿಲ್ಲ. ತಟ್ಟೆಯನ್ನು ನಡುವಿಗೆ ಸರಿಸಿ, ಏರಿಕೆಯನ್ನು ನಿಧಾನ ಮಾಡಿದ. ಐದನೆಯದು ಪೇಸ್ಟ್ ಹೆಚ್ಚಾಗಿ ಪಕ್ಕಪಕ್ಕದ ಕಾಲುಗಳು ಕೂಡಿಕೊಂಡು ಕೆಟ್ಟಿತು. ಆರು, ಏಳು, ಎಂಟು ಹೊಳೆಯುತ್ತಾ ಬಂದವು.

"ಅಯ್ಯೋ, ಹಾಳಾಯ್ತಲ್ಲಪ್ಪ" ಅಂತ ನಾನು ಪ್ರತಿ ಸಲ ಅನ್ನುವುದು, "ಹಾಳಾಗ್ಲಿ ಅಂತಾನೇ ತಂದಿರೋದು ಸಾರ್" ಅಂತ ಅವನು ನಗುವುದು. ನಮ್ಮಮ್ಮ ಮೊದಲ ದೋಸೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ನೆನಪಾಯಿತು.

ಒಂದು ಮಾತು ಮಾತ್ರ ಗಮನಿಸಿ. ಗುಜರಿಯಲ್ಲಿ ಸಿಗುವ ಎಲ್ಇಡಿ ಬಲ್ಬಿನ ಅಲ್ಯೂಮಿನಿಯಂ ಬಿಲ್ಲೆಗಳಲ್ಲೇ ಪರೀಕ್ಷೆ ಮಾಡಬಾರದೇ ಎಂದು ಕೇಳಿದೆ. ಆಗದು ಅಂದ. ಅದು ಶಾಖ ಹೀರುವ ರೀತಿಯೇ ಬೇರೆ. ಅಭ್ಯಾಸದ ಬೋರ್ಡು ಅಗ್ಗವಾಗಿರಲಿ, ಆದರೆ ದಪ್ಪದಲ್ಲಿ, ತಾಮ್ರದಲ್ಲಿ ಅಸಲಿ ಬೋರ್ಡಿನಂತೆಯೇ ಇರಬೇಕು. ಪಬ್ಲಿಕ್ ಪರೀಕ್ಷೆಗೆ ಸಂಬಂಧವೇ ಇಲ್ಲದ ಮಾದರಿ ಪ್ರಶ್ನೆಪತ್ರಿಕೆ ಹಂಚುವ ನಮಗೆ ಇದು ಅರ್ಥವಾಗಬೇಕು, ಅಲ್ಲವೇ?

ಈಗ ನಮ್ಮ ಶಾಲೆಗಳ ವಿಷಯಕ್ಕೆ ಬರುತ್ತೇನೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಸೂಕ್ಷ್ಮದರ್ಶಕವೊಂದು ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನಲ್ಲಿತ್ತು, ಬೀಗ ಹಾಕಿಕೊಂಡು. ಮೇಷ್ಟ್ರುಗಳು ಜಿಪುಣರೆಂದಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಏರಿದ ವಸ್ತು ಒಡೆದರೆ, ಚಾರ್ಜು ಒಪ್ಪಿಸುವ ದಿನ ಉತ್ತರ ಹೇಳುವವರು ಯಾರು? ಹೀಗಾಗಿ ಮಕ್ಕಳು ದೂರದಿಂದ ನೋಡಿ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿಸಿದ್ದೇನೆ, ಸುಳ್ಳೇಕೆ ಹೇಳಲಿ.

2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನವಿದೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬು ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಬರಲಿ, ಸಂತೋಷ. ಗಡಿಯ ಕನ್ನಡ ಶಾಲೆಗಳಿಗೂ ಬರಲಿ. ಆದರೆ ನನ್ನ ಬೇಡಿಕೆ ಇಷ್ಟೇ: ದುಬಾರಿ ಯಂತ್ರದ ಜೊತೆಗೆ ಪ್ರತಿ ವರ್ಷ ಕೆಡಿಸಲಿಕ್ಕೆಂದೇ ಒಂದಷ್ಟು ಅಗ್ಗದ ಬೋರ್ಡು, ತಂತಿ, ಬಲ್ಬು ಕೊಡಿ. ಅವನ್ನು ಸೀಮೆಸುಣ್ಣದ ಹಾಗೆ "ಖರ್ಚಾದದ್ದು" ಎಂದು ಬರೆದುಕೊಳ್ಳಲು ಬಿಡಿ.

ಇದು ದುಂದುವೆಚ್ಚ ಎನ್ನುವವರಿದ್ದಾರೆ. ಈ ಹುಡುಗ ಮೊದಲ ಸಲ ಕೆಲಸಕ್ಕೆ ಸೇರಿದಾಗ ಬೋರ್ಡು ಮುಟ್ಟಲು ಕೈ ನಡುಗುತ್ತಿತ್ತಂತೆ. ಕೆಟ್ಟರೆ ಕಂಪನಿಯದ್ದು, ಕೇಳೋಣವೆಂದರೆ ಇಂಗ್ಲಿಷ್ ಬಾಯಿಗೆ ಬಾರದು. ಬೆಸುಗೆ ಯಾಕೆ ಕೂಡಲಿಲ್ಲ ಎಂದು ಜಗಲಿಯಲ್ಲಿ ನಾವಿಬ್ಬರೂ ಕನ್ನಡದಲ್ಲೇ ತರ್ಕ ಮಾಡಿದೆವು, ಏನೂ ಕಡಿಮೆಯಾಗಲಿಲ್ಲ. ಆ ತರ್ಕ ಅವನಿಗೆ ಶಾಲೆಯಲ್ಲೇ ಸಿಗಬೇಕಿತ್ತು. ಪಕ್ಕದ ಪೆನುಕೊಂಡದ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ. ಒಂದು ಕಾರಿನೊಳಗೆ ಇಂಥ ಬೋರ್ಡುಗಳು ಎಷ್ಟಿವೆಯೋ! ನಮ್ಮ ಮಕ್ಕಳು ಅಂಥ ಕೆಲಸಕ್ಕೆ ಹೋಗುವುದಾದರೆ, ಮೊದಲ ತಪ್ಪನ್ನು ಅಲ್ಲಿ ಮಾಡುವುದು ಬೇಡ.

ಹಾಗೆಂದು ಮನೆಯಲ್ಲಿ ಕಟ್ಟಿದ ಓವನ್ನನ್ನು ತರಗತಿಗೆ ತನ್ನಿ ಎನ್ನುತ್ತಿಲ್ಲ. ಅದರಲ್ಲಿ 230 ವೋಲ್ಟ್ ಹರಿಯುತ್ತದೆ, ಹೊಗೆ ಬರುತ್ತದೆ. ಅದು ತಿಳಿದ ದೊಡ್ಡವರ ಕೆಲಸ, ಗಾಳಿಯಾಡುವ ಜಾಗದಲ್ಲಿ. ಸೀಸವಿರುವ ಪೇಸ್ಟಂತೂ ಮಕ್ಕಳ ಹತ್ತಿರ ಸುಳಿಯಬಾರದು. ತವರ-ಬಿಸ್ಮತ್ ಬೆರೆತ, 138 ಡಿಗ್ರಿಗೇ ಕರಗುವ ಸೀಸರಹಿತ ಪೇಸ್ಟ್ ಇದೆ. ಹೈಸ್ಕೂಲಿನಲ್ಲಿ ಬಲ್ಲವರು ಎದುರಿಗೆ ನಿಂತು ತೋರಿಸುವುದಾದರೆ ಅದೇ ಮೇಲು ಎನ್ನುತ್ತಾನೆ.

ಹತ್ತರಲ್ಲಿ ಎರಡು ಬೋರ್ಡು ಉಳಿದಿವೆ. ಅವನ್ನೂ, ಕೆಟ್ಟ ಐದನ್ನೂ ನನಗೇ ಬಿಟ್ಟುಹೋಗಿದ್ದಾನೆ. ಸೋಮವಾರ ಶಾಲೆಗೆ ಒಯ್ಯುತ್ತೇನೆ. ಮೊದಲು ಕೆಟ್ಟವನ್ನೇ ಮಕ್ಕಳ ಕೈಗೆ ಕೊಟ್ಟು, ಯಾವುದು ಯಾಕೆ ಕೆಟ್ಟಿದೆ ಹೇಳಿ ನೋಡೋಣ ಎಂದು ಕೇಳಬೇಕೆಂದಿದ್ದೇನೆ.