ಕೊಂಡಿ ಕಳಚದಿರಲಿ

ಬಾಗಲಕೋಟೆಯ ಸದ್ಭಕ್ತರೊಬ್ಬರ ಮನೆಯಲ್ಲಿ ಮೊಮ್ಮಕ್ಕಳಿಬ್ಬರು ವಾದಕ್ಕಿಳಿದುದನ್ನು ಕಂಡೆವು. ರಾಜ್ಯ ಕಟ್ಟಿ ಬೆಳೆಸುವ ‘ಸಿವಿಲೈಸೇಷನ್’ ಎಂಬ ಗಣಕಯಂತ್ರದ ಆಟವು 1991ರಲ್ಲಿ ಮೊದಲಾಯಿತು. 2025ರಲ್ಲಿ ಹೊರಬಂದ ಏಳನೆಯ ಆವೃತ್ತಿಯಲ್ಲಿ ಯುಗ ಕಳೆದಂತೆ ನಾಯಕನು ಉಳಿದು ನಾಗರಿಕತೆಯೇ ಬದಲಾಯಿತು. ಇದು ಅನೇಕ ಆಟಗಾರರಿಗೆ ಹಿಡಿಸಲಿಲ್ಲ. “ಕಟ್ಟಿದ್ದು ನಮ್ಮದಾಗಿ ಉಳಿಯದು” ಎಂದು ಹಿರಿಯವನು. “ಚರಿತ್ರೆಯೂ ಹಾಗೆಯೇ” ಎಂದು ಕಿರಿಯವನು.

ನಾವು ಬಾದಾಮಿಯ ಮಾತೆತ್ತಿದೆವು. 543ರಲ್ಲಿ ಒಂದನೆಯ ಪುಲಕೇಶಿಯು ಬಲಪಡಿಸಿದ ಆ ಕೋಟೆಯನ್ನು 642ರಲ್ಲಿ ಪಲ್ಲವರು ಗೆದ್ದರು. ಅವರ ಶಾಸನವೂ ಅಲ್ಲಿಯ ಬಂಡೆಯ ಮೇಲಿದೆ. ಅರಸರು ಬದಲಾದರೂ ಊರು ಉಳಿಯಿತು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವರು. ಬಣ್ಣ ಬೇರೆಯಾದರೂ ಸೀರೆ ಒಂದೇ. ಹಿರಿಯವನು ಆಟದಲ್ಲಿ ಅರಸಿದ್ದು ಆ ಕೊಂಡಿಯನ್ನೇ.

ತಂದೆತಾಯಿಗಳೇ, ಮಕ್ಕಳನ್ನು ಗದರದಿರಿ. ಒಮ್ಮೆ ಮಗ್ಗದ ಮುಂದೆ ಕೂರಿಸಿರಿ.