ಊರಿನ ಮನೆಗೆ ಅಂತರ್ಜಾಲ ಕೊಡಿಸುವ ಮಕ್ಕಳಿಗೆ



ಬೆಂಗಳೂರು, ಪುಣೆ ಹಾಗೂ ಅವುಗಳಾಚೆಯ ದೂರದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಅನೇಕರು ದೂರವಾಣಿ ಮಾಡಿದಾಗ, ಕುಶಲಪ್ರಶ್ನೆಗಳು ಮುಗಿದೊಡನೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಸರ್, ಊರಾಗ ಅಪ್ಪ-ಅವ್ವಗ ಯಾವ ನೆಟ್ ಹಾಕಸಲಿ? ಟಿ.ವಿ.ಗೆ ಡಿಶ್ ಇರಲೋ, ಕೇಬಲ್ ಇರಲೋ?" ನಿವೃತ್ತ ಮಾಸ್ತರನು ಎಲ್ಲವನ್ನೂ ಬಲ್ಲನೆಂಬ ನಿಮ್ಮ ನಂಬಿಕೆಗೆ ನಾನು ಋಣಿ. ಆದರೆ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದಿಡುವುದು ಮೇಲೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಪ್ರಶ್ನೆ ಕೇಳುವ ಕ್ರಮವೇ ತಿರುವುಮುರುವಾಗಿದೆ. ಮೊದಲು ವೇಗ ಎಷ್ಟು ಎನ್ನುತ್ತೀರಿ, ಆಮೇಲೆ ದರ ಎಷ್ಟು ಎನ್ನುತ್ತೀರಿ. ಕೆಟ್ಟಾಗ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಎಂದು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ವಯಸ್ಸಾದ ಇಬ್ಬರೇ ಇರುವ ಮನೆಯಲ್ಲಿ ಅದೇ ಮೊದಲನೆಯ ಪ್ರಶ್ನೆಯಾಗಬೇಕು.

ನಮ್ಮ ಬಡಾವಣೆಯ ಹಿರಿಯ ದಂಪತಿಗಳಿಗೆ ಅವರ ಮಗನು ಪರದೇಶದಿಂದಲೇ ಒಂದು ಸೌಲಭ್ಯ ಮಾಡಿಸಿದ್ದನು. ಅಂತರ್ಜಾಲ, ದೂರದರ್ಶನ, ಸ್ಥಿರ ದೂರವಾಣಿ ಮೂರೂ ಒಂದೇ ಎಳೆಯಲ್ಲಿ; ವರ್ಷದ ಹಣ ಮುಂಗಡ. ಮಗನ ಪ್ರೀತಿಯಲ್ಲಿ ಕೊರತೆಯೇನಿರಲಿಲ್ಲ. ಒಂದು ದಿನ ಚರಂಡಿಗೆಂದು ಜೆ.ಸಿ.ಬಿ. ಬಂದು ರಸ್ತೆಯನ್ನು ಅಗೆಯಿತು, ಎಳೆ ತುಂಡಾಯಿತು, ಮೂರೂ ಒಟ್ಟಿಗೆ ನಿಂತವು. ದೂರು ಕೊಡೋಣವೆಂದರೆ ಖಾತೆ ಇರುವುದು ಮಗನ ಸಂಖ್ಯೆಯಲ್ಲಿ. ಗುಪ್ತ ಅಂಕಿ ಹೋಗುವುದು ಅವನಿಗೆ. ದುರಸ್ತಿಯ ಹುಡುಗನು ಬೀದಿಯ ತುದಿಯಲ್ಲಿ ನಿಂತು ವಿಳಾಸ ಕೇಳಲು ಕರೆ ಮಾಡಿದ್ದೂ ಅವನಿಗೇ, ಅಲ್ಲಿ ನಡುರಾತ್ರಿ. ಕರೆ ಎತ್ತದ ಕಾರಣ "ಗ್ರಾಹಕರು ಲಭ್ಯರಿಲ್ಲ" ಎಂದು ಬರೆದು ಅವನು ಹೊರಟುಹೋದನು. ಒಂಬತ್ತು ದಿನ ಆ ಮನೆಯಲ್ಲಿ ವಾರ್ತೆಯಿಲ್ಲ, ಮೊಮ್ಮಗುವಿನ ಮುಖವಿಲ್ಲ. ಆ ತಾಯಿಗೆ ಬೇಕಾಗಿದ್ದುದು ನೂರು ಎಂ.ಬಿ.ಪಿ.ಎಸ್. ವೇಗವಲ್ಲ, ಸಂಜೆಯ ಹತ್ತು ನಿಮಿಷ.

ಈ ದುರಸ್ತಿಯ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹಳೆಯ ದೃಷ್ಟಾಂತವಿದೆ. ನಿಮ್ಮಲ್ಲಿ ಬಹಳ ಮಂದಿಗೆ ಇದು ತಿಳಿದಿರಲಾರದು. ಅಮೆರಿಕೆಯ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ದೂರದರ್ಶನವನ್ನು ತೋರಿಸಲಾಯಿತು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಕಲಬುರ್ಗಿ, ರಾಯಚೂರು ಮತ್ತು ನಮ್ಮ ವಿಜಾಪುರ. ಬೆಂಗಳೂರಿನವರು ತಮ್ಮ ದೂರದರ್ಶನ ಕೇಂದ್ರಕ್ಕಾಗಿ 1981ರವರೆಗೆ ಕಾಯಬೇಕಾಯಿತೆಂಬುದನ್ನು ನೆನೆದಾಗ ಇಂದಿಗೂ ನನಗೆ ಸಣ್ಣದೊಂದು ಹೆಮ್ಮೆಯಾಗುತ್ತದೆ! ಕೋಳಿಗೂಡಿನ ಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಛತ್ರಿ. ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಆದರೆ ಅದನ್ನು ಯೋಜಿಸಿದ ವಿಜ್ಞಾನಿಗಳು ಪೆಟ್ಟಿಗೆಗಳನ್ನು ಹಂಚಿ ಕೈತೊಳೆದುಕೊಳ್ಳಲಿಲ್ಲ. ಕೆಟ್ಟ ಪೆಟ್ಟಿಗೆಯನ್ನು ಸರಿಪಡಿಸಲು ಆಯಾ ಪ್ರದೇಶಗಳಲ್ಲಿಯೇ ನಿರ್ವಹಣೆಯ ಕೇಂದ್ರಗಳನ್ನು ಇರಿಸಿದ್ದರು. ಅರ್ಧ ಶತಮಾನದ ಹಿಂದೆ, ಧೂಳಿನ ರಸ್ತೆಗಳ ಕಾಲದಲ್ಲಿ ಸಾಧ್ಯವಾದ ಈ ವಿವೇಕವು ಇಂದಿನ ಜಾಹೀರಾತುಗಳಲ್ಲಿ ಕಾಣುವುದಿಲ್ಲವೆಂಬುದೇ ನನ್ನ ಆಕ್ಷೇಪ. (ವರ್ಷ ತುಂಬಿದೊಡನೆ ಉಪಗ್ರಹವು ಹಿಂದಿರುಗಿತು, ಪರದೆಗಳು ಕಪ್ಪಾದವು. ಎರವಲು ಎರವಲೇ.)

ಈಗ ಇಂದಿನ ಮಾತಿಗೆ ಬರೋಣ. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಆರಂಭವಾದಾಗ ತಾಮ್ರದ ತಂತಿಯಲ್ಲಿ 256 ಕೆ.ಬಿ.ಪಿ.ಎಸ್. ಬಂದರೆ ನಾವು ಹಿಗ್ಗುತ್ತಿದ್ದೆವು. ದೂರವಾಣಿ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತಿತ್ತು. ಇಂದಿನ ಫೈಬರ್ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ದೂರದ ಬಾಧೆ ಅದಕ್ಕೆ ಅಷ್ಟಾಗಿ ಇಲ್ಲ. ಆದುದರಿಂದ ವಿಜಯಪುರ ನಗರದೊಳಗೆ ಫೈಬರ್ ಸಿಗುವುದಾದರೆ ಅದನ್ನೇ ಹಾಕಿಸಿರಿ. ಕಂಪನಿ ಯಾವುದೆಂಬುದನ್ನು ಮಾತ್ರ ಜಾಹೀರಾತು ನೋಡಿ ನಿರ್ಧರಿಸಬೇಡಿರಿ. ಅದೇ ಓಣಿಯ ನಾಲ್ಕು ಮನೆಗಳವರನ್ನು ಕೇಳಿ, ಹಿಂದಿನ ಮಳೆಗಾಲದಲ್ಲಿ ಯಾರದು ಎಷ್ಟು ದಿನ ನಿಂತಿತ್ತೆಂದು ತಿಳಿದುಕೊಳ್ಳಿರಿ. ಪಕ್ಕದ ಓಣಿಯಲ್ಲಿಯೇ ವಾಸಿಸುವ ಕೇಬಲ್ಲಿನವನು ಅಂತರ್ಜಾಲವನ್ನೂ ಕೊಡುತ್ತಿದ್ದರೆ ಅವನನ್ನು ಹಗುರವಾಗಿ ಎಣಿಸಬೇಡಿರಿ. ಅವನ ಹೆಸರು ದೊಡ್ಡದಲ್ಲ, ಆದರೆ ಸೈಕಲ್ ಮೋಟಾರಿನ ಮೇಲೆ ಏಣಿ ಕಟ್ಟಿಕೊಂಡು ಬರುವವನು ಅವನೇ.

ತಿಕೋಟಾ, ಬಬಲೇಶ್ವರಗಳ ಮಾತೇ ಬೇರೆ. ಊರೊಳಗೊಂದು ಲೆಕ್ಕ, ತೋಟದ ವಸ್ತಿಗಳಲ್ಲಿ ಇನ್ನೊಂದು. ಸರಕಾರವು 2011ರಲ್ಲಿ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲೆಂದು ಹುಟ್ಟಿದ್ದು. ಏತ ನೀರಾವರಿಯನ್ನು ಕಂಡ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮುಖ್ಯ ಕಾಲುವೆ ಬಂದಿತೆಂದ ಮಾತ್ರಕ್ಕೆ ನಿಮ್ಮ ದ್ರಾಕ್ಷಿಯ ಸಾಲಿಗೆ ನೀರು ಬಂದಿತೆಂದಲ್ಲ, ಹೊಲಗಾಲುವೆ ಬೇಕು. ಪಂಚಾಯಿತಿಯಿಂದ ವಸ್ತಿಯವರೆಗಿನ ಆ ಹೊಲಗಾಲುವೆಯನ್ನು ಯಾರು ಎಳೆಯುತ್ತಾರೆ, ಗಾಳಿಗೆ ಕಂಬ ಬಿದ್ದರೆ ಯಾರು ಎತ್ತುತ್ತಾರೆ ಎಂದು ಕೇಳಿಕೊಂಡೇ ಹಣ ಕಟ್ಟಿರಿ.

ಎಳೆ ಮುಟ್ಟದ ವಸ್ತಿಗೆ, ಏರ್‌ಟೆಲ್ ಮತ್ತು ಜಿಯೋ 2023ರಲ್ಲಿ ಆರಂಭಿಸಿದ ಏರ್‌ಫೈಬರ್ ಬಗೆಯದೊಂದು ದಾರಿಯಿದೆ. ಮಾಳಿಗೆಯ ಮೇಲಿನ ಪೆಟ್ಟಿಗೆಯು ಮೊಬೈಲ್ ಗೋಪುರದಿಂದ 5ಜಿ ಸಂಕೇತವನ್ನು ಹಿಡಿದು ಮನೆಯೊಳಗೆ ಕೊಡುತ್ತದೆ. ತುಂಡಾಗುವ ತಂತಿಯಿಲ್ಲವೆಂಬುದು ಗುಣ. ಸಂಜೆ ಊರೆಲ್ಲ ಒಮ್ಮೆಲೇ ಮೊಬೈಲ್ ಹಿಡಿದಾಗ ವೇಗ ಇಳಿಯಬಹುದೆಂಬುದು ದೋಷ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಳಿಯ ಅಲೆಯೇ ಎಂಬುದನ್ನು ಮರೆಯಬೇಡಿರಿ. ನಿಮ್ಮ ವಸ್ತಿಯ ಮಾಳಿಗೆಯ ಮೇಲೆ ಸಂಜೆ ಎಂಟು ಗಂಟೆಗೆ ಅದೇ ಕಂಪನಿಯ 5ಜಿ ಮೊಬೈಲ್ ಹಿಡಿದು ಪರೀಕ್ಷಿಸಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ದೂರದರ್ಶನವನ್ನು ಮಾತ್ರ ಅಂತರ್ಜಾಲದ ಎಳೆಗೆ ಕಟ್ಟಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಒಂದು ನಿಂತರೂ ಇನ್ನೊಂದು ಉಳಿಯಬೇಕು. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂದು ಆರಂಭವಾಗಿ ಈಗ ಡಿ.ಡಿ. ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಗೆ ತಿಂಗಳ ಬಾಡಿಗೆಯೇ ಇಲ್ಲ. ಛತ್ರಿ, ಪೆಟ್ಟಿಗೆಗೆ ಒಮ್ಮೆ ಕೊಟ್ಟರಾಯಿತು. ಚಂದನ ಬರುತ್ತದೆ. ಖಾಸಗಿ ಕನ್ನಡ ಧಾರಾವಾಹಿಗಳೆಲ್ಲ ಅದರಲ್ಲಿ ಸಿಗುವುದಿಲ್ಲ. ತಾಯಿಗೆ ಅವು ಬೇಕೆಂದರೆ ಕೇಬಲ್ಲೋ ಹಣದ ಡಿ.ಟಿ.ಎಚ್.ಓ ಇರಲಿ. 2019ರಿಂದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಹಕ್ಕು ನಮಗಿದೆ. ಆದರೂ ಯಾರೂ ನೋಡದ ಕ್ರೀಡಾ ಚಾನೆಲ್‌ಗಳ ಗುಚ್ಛಕ್ಕೆ ತಿಂಗಳು ತಿಂಗಳು ಹಣ ತೆರುವ ಮನೆಗಳನ್ನು ನಾನು ಬಲ್ಲೆ. ರಜೆಗೆ ಬಂದಾಗ ಅವ್ವನ ಪಕ್ಕದಲ್ಲಿ ಒಂದು ಸಂಜೆ ಕುಳಿತು, ಆಕೆ ಏನು ನೋಡುತ್ತಾಳೆಂದು ಬರೆದುಕೊಳ್ಳಿರಿ. ಹತ್ತಕ್ಕಿಂತ ಹೆಚ್ಚಾದರೆ ನನಗೆ ತಿಳಿಸಿರಿ.

ದರದ ಬಗ್ಗೆ ಎರಡೇ ಮಾತು. ಜಾಹೀರಾತಿನ 499 ರೂಪಾಯಿಗೆ ಶೇ. 18ರ ತೆರಿಗೆ ಸೇರಿದರೆ ಅದು 588 ರೂಪಾಯಿ 82 ಪೈಸೆ. ಮುಖ ನೋಡಿ ಮಾತಾಡಲು ಎರಡು-ಮೂರು ಎಂ.ಬಿ.ಪಿ.ಎಸ್. ಸಾಕು, ಒಳ್ಳೆಯ ಸ್ಪಷ್ಟತೆಯ ಚಲನಚಿತ್ರಕ್ಕೆ ಐದಾರು. ಇಬ್ಬರೇ ಇರುವ ಮನೆಗೆ ಮೂವತ್ತರ ಯೋಜನೆ ಧಾರಾಳವಾಯಿತು.

ಕೆಟ್ಟಾಗ ಮೊದಲು ಏನನ್ನು ನೋಡಬೇಕೆಂಬುದನ್ನೂ ಹಿರಿಯರಿಗೆ ಕಲಿಸಿಡಬಹುದು. ಫೈಬರ್ ಪೆಟ್ಟಿಗೆಯಲ್ಲಿ ಎಲ್.ಓ.ಎಸ್. ಎಂಬ ಕಡೆ ಕೆಂಪು ದೀಪ ಹೊತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲವೆಂದರ್ಥ. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ ಮಾಡುತ್ತ ಕೂರದೆ ದೂರು ಕೊಡುವುದೇ ಸರಿ. ಕೆಂಪಿಲ್ಲದಿದ್ದರೂ ಒಳಕೋಣೆಯಲ್ಲಿ ಬಾರದಿದ್ದರೆ ತಪ್ಪು ನಮ್ಮ ಗೋಡೆಗಳದು. ಎರಡಡಿ ದಪ್ಪದ ಕಲ್ಲುಗೋಡೆಯನ್ನು ದಾಟುವುದು ವೈ-ಫೈ ಅಲೆಗೆ ಕಷ್ಟ. 5 ಗಿಗಾಹರ್ಟ್ಸ್‌ಗಿಂತ 2.4ರದು ಸ್ವಲ್ಪ ಮೇಲು, ಪೆಟ್ಟಿಗೆಯನ್ನು ಪಡಸಾಲೆಯ ನಡುವಿಗೆ ಸರಿಸುವುದು ಅದಕ್ಕಿಂತಲೂ ಮೇಲು. ವಿದ್ಯುತ್ತು ಹೋದಾಗ ಪೆಟ್ಟಿಗೆಯನ್ನು ನಡೆಸಲು ಸಣ್ಣದೊಂದು ಯು.ಪಿ.ಎಸ್. ಸಿಗುತ್ತದೆ, ವಸ್ತಿಯ ಮನೆಗೆ ಅದು ಅವಶ್ಯ. ಡಿಶ್ಶಿನ ಚಿತ್ರವು ದಟ್ಟ ಮಳೆಯಲ್ಲಿ ಹೋಗಿ ಮಳೆ ನಿಂತಾಗ ಬಂದರೆ ಚಿಂತೆಯಿಲ್ಲ. ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದ್ದರೆ ಛತ್ರಿಯ ಎದುರು, ಆಗ್ನೇಯದ ಕಡೆ, ಬೇವಿನ ಮರ ಬೆಳೆದಿದೆಯೇ ನೋಡಿರಿ.

ಇನ್ನು ನೀವು ದೂರದಿಂದಲೇ ಮಾಡಬಹುದಾದ ಒಂದು ಕೆಲಸವಿದೆ: ಖಾತೆಯಲ್ಲಿ ತಂದೆಯವರ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿರಿ. ಹಣ ನೀವೇ ಕಟ್ಟಿರಿ, ಕರೆ ಅವರಿಗೆ ಬರಲಿ. ವರ್ಷದ ಮುಂಗಡ ಬೇಡ. ಸೇವೆ ಸರಿಯಿಲ್ಲವೆಂದು ಕಂಡಾಗ ಬಿಡುವ ಸ್ವಾತಂತ್ರ್ಯ ಕೈಯಲ್ಲಿರಲಿ. ದೂರಿನ ಸಂಖ್ಯೆ, ಗ್ರಾಹಕ ಸಂಖ್ಯೆ, ಕೇಬಲ್ಲಿನವನ ಸಂಖ್ಯೆ ಮೂರನ್ನೂ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿರಿ. ತಿಕೋಟಾ, ಬಬಲೇಶ್ವರದ ಕಡೆಯವರು ತಮ್ಮ ವಸ್ತಿಗೆ ಯಾವುದು ಮುಟ್ಟುತ್ತದೆ, ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಎರಡು ಸಾಲು ನನಗೆ ಬರೆದು ತಿಳಿಸಿದರೆ, ಮುಂದೆ ಕೇಳುವವರಿಗೆ ಹೇಳಲು ಅನುಕೂಲವಾದೀತು.