ಹೃದಯ ನಿಂತಿತು ಖರೆ, ಯಾಕ ನಿಂತಿತು?



ಫಾರಂನಲ್ಲಿ ಬರೆಯದೇ ಇದ್ದದ್ದು ಸರ್ಕಾರದ ಲೆಕ್ಕಕ್ಕೆ ನಡೆದೇ ಇಲ್ಲ. ಗುಮಾಸ್ತಿಕೆ ನನಗೆ ಕಲಿಸಿದ ಪಾಠ ಇದು. ಅದಕ್ಕೇ ಈಗ ರೋಗಗಳ ಕೋಡ್ ಕಲೀತಿದ್ದೀನಿ.

ಆಸ್ಪತ್ರೆಯಲ್ಲಿ ಯಾರೇ ತೀರಿಕೊಂಡರೂ ಡಾಕ್ಟರು ಫಾರಂ 4 ತುಂಬತಾರ. ಮೇಲಿನ ಸಾಲಿನಲ್ಲಿ ತಕ್ಷಣದ ಕಾರಣ, ಕೆಳಗಿನದರಲ್ಲಿ ಮೂಲ ಕಾರಣ. ಸಾವಿನ ಲೆಕ್ಕ ಹಿಡಿಯೋದು ಆ ಮೂಲ ಕಾರಣಕ್ಕೆ ಬೀಳೋ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಕೋಡಿನಿಂದ.

ಮ್ಯಾನ್‌ಹೋಲಿಗೆ ಇಳಿದು ಸತ್ತವನಿಗೆ ಬರೀ ‘ಹೃದಯ ಸ್ತಂಭನ’ ಅಂತ ಬರೆದರೆ ಐ46. ಗುಂಡಿಯ ವಿಷಗಾಳಿ ಅಂತ ಬರೆದರೆ ಎಕ್ಸ್47. ಹೈಡ್ರೋಜನ್ ಸಲ್ಫೈಡ್ ಅಂತ ಹೆಸರು ಹಾಕಿದರೆ ಜೊತೆಗೆ ಟಿ59.6. ಮೊದಲನೇ ಕೋಡಿನಲ್ಲಿ ಗುಂಡಿಯೂ ಇಲ್ಲ, ಇಳಿಸಿದವನೂ ಇಲ್ಲ. ಹೃದಯ ಸಾಯೋ ಎಲ್ಲರದೂ ನಿಲ್ತದ. ಅದು ಸಾವಿನ ರೀತಿ, ಕಾರಣ ಅಲ್ಲ.

ಇಂಥ ಸಾವಿಗೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದೇ ತಿಂಗಳು ಜಾರಿಗೆ ಬಂದ ಜನನ-ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯಂತೆ, ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನ ಮನೆಯವರಿಗೂ ಕೊಡಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗೆಳೆಯರೇ, ಡಾಕ್ಟರ ಭಾಷೆ ನಮಗ್ಯಾಕ ಅಂತ ಬಿಡಬ್ಯಾಡ್ರಿ. ಆ ಕಾಗದ ಕೇಳಿ ತಗೋರಿ. ಕೆಳಗಿನ ಸಾಲು ಓದ್ರಿ.